ಗುಮಾಸ್ತರ ಕೈಗೆ ಎಷ್ಟು ಕೀಲಿಕೈ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಬೇರಿನವು: ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಯಾರಿಗೆ ಎಷ್ಟು ಹಕ್ಕು ಇರಬೇಕು ಅನ್ನುವುದು. ಅದಕ್ಕೇ ಲ್ಯಾಪ್‌ಟಾಪ್ ಯಾವುದು ಕೊಳ್ಳಲಿ ಅನ್ನುವ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ. ಅವರ ಅಂಗಡಿ, ಮಿಲ್ಲು, ಕಾಲೇಜುಗಳ ಒಳಗಿನ ಸಂಗತಿ ಇದರಲ್ಲಿದೆ.

ಪ್ರಶ್ನೆ: ಮೇಡಂ, ನಮಸ್ಕಾರ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಐದು ಕಂಪ್ಯೂಟರ್ ಇವೆ, ಒಂದು ವೇಬ್ರಿಡ್ಜ್ ಕೋಣೆಯಲ್ಲಿ, ಉಳಿದವು ಆಫೀಸಿನಲ್ಲಿ. ರಿಪೇರಿಗೆ ಬರುವ ಹುಡುಗ ಹೋದ ತಿಂಗಳು ನೋಡಿ, ಎರಡು ವರ್ಷದಿಂದ ವಿಂಡೋಸ್ ಅಪ್‌ಡೇಟ್ ನಿಂತಿದೆ, 'ಎಲಿವೇಶನ್ ಆಫ್ ಪ್ರಿವಿಲೇಜ್' ಅನ್ನುವ ದೋಷಗಳು ಹಾಗೇ ಉಳಿದಿವೆ ಅಂದ. ಸಾಹುಕಾರರು "ಅದು ಹೊರಗಿಂದ ಬರೂದೇನು?" ಅಂತ ಕೇಳಿದರು. "ಇಲ್ರಿ, ಒಳಗ ಲಾಗಿನ್ ಆದವ್ರು ಮಾಡೂದು" ಅಂದ. "ಹಂಗಾದ್ರ ಬಿಡು, ಒಳಗ ಕುಂದ್ರೋರು ನಮ್ಮ ಹುಡುಗ್ರೇ" ಅಂತ ಸಾಹುಕಾರರು ಮಾತು ಮುಗಿಸಿದರು. ವೇಬ್ರಿಡ್ಜ್ ಸಾಫ್ಟ್‌ವೇರ್ ಕೊಟ್ಟವರಂತೂ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಬೇಕು, ಇಲ್ಲದಿದ್ದರೆ ತೂಕ ಬರುವುದಿಲ್ಲ ಅಂದಿದ್ದಾರೆ. ಯಾರ ಮಾತು ಸರಿ?

ಉತ್ತರ: ರಿಪೇರಿ ಹುಡುಗನ ಮಾತು ಸರಿ, ಅಣ್ಣಾರೆ. ಸಾಹುಕಾರರಿಗೆ ಈ ಪುಟವನ್ನು ಓದಿ ಹೇಳಿ.

"ಒಳಗ ಕುಂದ್ರೋರು ನಮ್ಮ ಹುಡುಗ್ರೇ" ಅನ್ನುವ ಮಾತನ್ನು ರಾಯಚೂರಿನ ಹತ್ತಿ ದಲಾಲಿ ಅಂಗಡಿಗಳಲ್ಲಿ, ಸಿಂಧನೂರಿನ ಗೊಬ್ಬರದ ಅಂಗಡಿಗಳಲ್ಲಿ, ಪತ್ತಿನ ಸಂಘಗಳಲ್ಲಿ ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಹುಡುಗರ ಮೇಲೆ ನಂಬಿಕೆ ಇರುವುದು ಒಳ್ಳೆಯದೇ. ಆದರೆ ಇದು ಹುಡುಗರ ನಿಯತ್ತಿನ ಪ್ರಶ್ನೆಯಲ್ಲ. ಕಂಪ್ಯೂಟರಿನ ಒಳಗೆ ಕೂರುವುದು ಮನುಷ್ಯರಲ್ಲ, ಪ್ರೋಗ್ರಾಂಗಳು. ನಿಮ್ಮ ಹುಡುಗ ವಾಟ್ಸಾಪ್‌ನಲ್ಲಿ ಬಂದ 'ಲೋಡಿಂಗ್ ಪಟ್ಟಿ' ಅನ್ನುವ ಫೈಲ್ ತೆರೆದ ಅಂದುಕೊಳ್ಳಿ. ಅದರೊಳಗೆ ಕೆಟ್ಟ ಪ್ರೋಗ್ರಾಂ ಇದ್ದರೆ, ಆ ಗಳಿಗೆಯಿಂದ ಅದು ಹುಡುಗನ ಕುರ್ಚಿಯಲ್ಲಿ ಹುಡುಗನ ಹೆಸರಿನಲ್ಲೇ ಕೂತಿರುತ್ತದೆ. ವಿಂಡೋಸ್‌ಗೆ ಇಬ್ಬರೂ ಒಂದೇ. ಅವನಿಗೆ ಎಷ್ಟು ಹಕ್ಕಿದೆಯೋ ಅದಕ್ಕೂ ಅಷ್ಟೇ ಹಕ್ಕು. ಕೆಟ್ಟವನು ಗಂಗಾವತಿಯ ಬಸ್ ಹತ್ತಿ ಬಂದು ನಿಮ್ಮ ಮಿಲ್ಲಿನ ಗೇಟು ದಾಟಬೇಕಾಗಿಲ್ಲ.

ಅಲ್ಲಿಗೆ ಅವನ ಅರ್ಧ ಕೆಲಸ ಆಯಿತು. ಉಳಿದ ಅರ್ಧ ಅಂದರೆ ಆ ಸಾಮಾನ್ಯ ಕುರ್ಚಿಯಿಂದ ಯಂತ್ರದ ಏರ್ಪಾಡನ್ನೇ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಕುರ್ಚಿಗೆ, ಅಲ್ಲಿಂದ ಅದಕ್ಕೂ ಮೇಲಿನ, ವಿಂಡೋಸ್ ತಾನೇ ಕೂರುವ 'ಸಿಸ್ಟಂ' ಕುರ್ಚಿಗೆ ಏರುವುದು. ಏರುವುದಕ್ಕೆ ದಾರಿ ಕೊಡುವ ದೋಷಗಳಿಗೇ ಎಲಿವೇಶನ್ ಆಫ್ ಪ್ರಿವಿಲೇಜ್ ಅಥವಾ ಪ್ರಿವಿಲೇಜ್ ಎಸ್ಕಲೇಶನ್ ಅನ್ನುವುದು. ನಾನು ಪಾಠ ಹೇಳುವಾಗ ಹಕ್ಕೇರಿಕೆ ಅನ್ನುತ್ತೇನೆ. ನಿಮ್ಮ ಮಿಲ್ಲನ್ನೇ ನೋಡಿ. ಹಮಾಲರು ಗೋದಾಮಿಗೆ ಹೋಗಬಹುದು, ತಿಜೋರಿ ಮುಟ್ಟುವಂತಿಲ್ಲ. ನೀವು ಖಾತೆ ಬರೆಯಬಹುದು, ಚೆಕ್ಕಿಗೆ ಸಹಿ ಹಾಕುವಂತಿಲ್ಲ. ಹದಿನಾಲ್ಕು ವರ್ಷ ದುಡಿದ ನಿಮ್ಮ ಮೇಲೆ ಸಾಹುಕಾರರಿಗೆ ಸಂಶಯವಿದೆ ಅಂತಲ್ಲ. ನಿಮ್ಮ ಅಂಗಿ ಕಿಸೆಯಿಂದ ಯಾರಾದರೂ ಕೀಲಿಕೈ ಹಾರಿಸಿದರೂ ತಿಜೋರಿ ಉಳಿಯಬೇಕು, ಅದಕ್ಕೆ.

ಈ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ರಾಯಚೂರಿನ ಒಂದು ಕಚೇರಿಯ ಹನ್ನೊಂದು ಕಂಪ್ಯೂಟರ್‌ಗಳನ್ನು ಒಂದು ಕಾಲಕ್ಕೆ ನಾನೇ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ದಿನಾ ಬೆಳಿಗ್ಗೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು, ದಿನಾ ಬೆಳಿಗ್ಗೆ ನನಗೆ ಫೋನ್ ಬರುತ್ತಿತ್ತು. ಬೇಸತ್ತು ಒಂದು ಶನಿವಾರ ಕೂತು ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಿಬಿಟ್ಟೆ. ಹನ್ನೊಂದಕ್ಕೂ ಒಂದೇ ಪಾಸ್‌ವರ್ಡ್. ಫೋನ್ ನಿಂತಿತು. ಎಂಟು ತಿಂಗಳಾದ ಮೇಲೆ ಒಂದು ಸೋಮವಾರ, ಕೊರಿಯರ್ ಬಂದಿದೆ ಅನ್ನುವ ಇ-ಮೇಲ್ ಒಂದನ್ನು ಡಾಟಾ ಎಂಟ್ರಿ ಹುಡುಗಿ ತೆರೆದಳು. ಅವಳದೇನೂ ತಪ್ಪಿಲ್ಲ. ಬಂದ ಇ-ಮೇಲ್ ತೆರೆದು ನೋಡುವುದೇ ಅವಳಿಗೆ ಕೊಟ್ಟ ಕೆಲಸ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಎಲ್ಲ ಪರದೆಗಳ ಮೇಲೂ ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ ಅಂತ ಹಣ ಕೇಳುವ ಚೀಟಿ.

ಅವಳು ಸಾಮಾನ್ಯ ಬಳಕೆದಾರಳಾಗಿದ್ದರೂ ಅವಳ ಫೈಲ್‌ಗಳು ಹೋಗುತ್ತಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಿಂಡೋಸ್ ಫೈಲ್‌ಗಳ ಹಳೆಯ ನೆರಳು ಪ್ರತಿಗಳನ್ನು ತಾನೇ ಇಟ್ಟುಕೊಂಡಿರುತ್ತದೆ, ಅವನ್ನು ಅಳಿಸಲು ಅಡ್ಮಿನ್ ಹಕ್ಕು ಬೇಕು. ಆ ಹಕ್ಕನ್ನು ನಾನು ಕೊಟ್ಟಿದ್ದೆ, ಆ ಕೆಟ್ಟ ಪ್ರೋಗ್ರಾಂ ಅಳಿಸಿತ್ತು. ಆಂಟಿವೈರಸ್ ನಿಲ್ಲಿಸಲೂ ಅಡ್ಮಿನ್ ಹಕ್ಕು ಬೇಕು, ನಿಲ್ಲಿಸಿತ್ತು. ಯಂತ್ರದ ಮೆಮೊರಿಯಲ್ಲಿರುವ ಪಾಸ್‌ವರ್ಡ್ ಗುರುತುಗಳನ್ನು ಕೆದಕಿ ತೆಗೆಯಲೂ ಅದೇ ಹಕ್ಕು ಬೇಕು. ತೆಗೆದ ಮೇಲೆ ಉಳಿದ ಹತ್ತು ಯಂತ್ರಗಳ ಬಾಗಿಲು ಒಂದೇ ಕೀಲಿಕೈಗೆ ತೆರೆದುಕೊಂಡವು. ಬ್ಯಾಕಪ್ ಡಿಸ್ಕು ಅವುಗಳಲ್ಲೊಂದಕ್ಕೆ ಚುಚ್ಚಿಯೇ ಇತ್ತು. ಮೂರು ತಿಂಗಳ ನಮೂದನ್ನು ಕಾಗದದ ಚೀಟಿ ನೋಡಿ ಮತ್ತೆ ಟೈಪ್ ಮಾಡಿದೆವು, ಹತ್ತೊಂಬತ್ತು ದಿನ. ನಾನೂ ಅವರ ಸಾಲಿನಲ್ಲೇ ಕೂತೆ. ಆ ಹುಡುಗಿ ಮೊದಲ ಮೂರು ದಿನ ಕಣ್ಣೊರೆಸಿಕೊಳ್ಳುತ್ತಲೇ ಟೈಪ್ ಮಾಡಿದಳು, ಎಲ್ಲ ತನ್ನಿಂದಲೇ ಆಯಿತು ಅಂತ. "ನಿನ್ನಿಂದಲ್ಲವ್ವಾ, ನನ್ನಿಂದ" ಅಂತ ಎಷ್ಟು ಹೇಳಿದರೂ ನಂಬಲಿಲ್ಲ.

ಅಲ್ಲಿ ಹಕ್ಕನ್ನು ಕೈಯಾರೆ ಕೊಟ್ಟವಳು ನಾನು. ಹಕ್ಕೇರಿಕೆಯ ದೋಷ ಇದ್ದರೆ ಯಾರೂ ಕೊಡುವುದೇ ಬೇಡ, ಅದು ತಾನಾಗಿ ಸಿಗುತ್ತದೆ. ನಿಮ್ಮ ಮಿಲ್ಲಿನಲ್ಲಿ ಈಗ ಎರಡೂ ಇವೆ. ವೇಬ್ರಿಡ್ಜ್ ಕೋಣೆಯಲ್ಲಿ ನೀವೇ ಕೊಟ್ಟಿದ್ದೀರಿ, ಆಫೀಸಿನಲ್ಲಿ ಅಪ್‌ಡೇಟ್ ಇಲ್ಲದೆ ಬಿಟ್ಟಿದ್ದೀರಿ.

ಇಂಥ ದೋಷ ಹೇಗಿರುತ್ತದೆ ಅನ್ನುವುದಕ್ಕೆ, ನೀವು ಲೆಕ್ಕದವರಾದ್ದರಿಂದ, ನಿಮಗೆ ಬೇಗ ಹಿಡಿಯುವ ಒಂದನ್ನು ಹೇಳುತ್ತೇನೆ. 2010ರಲ್ಲಿ ಸ್ಟಕ್ಸ್‌ನೆಟ್ ಅನ್ನುವ ವೈರಸ್ ಬೆಳಕಿಗೆ ಬಂತು, ಇರಾನಿನ ಅಣು ಇಂಧನ ಘಟಕದ ಯಂತ್ರಗಳನ್ನು ಕೆಡಿಸಲು ಮಾಡಿದ್ದು. ಅದರೊಳಗೆ ಅಲ್ಲಿಯವರೆಗೆ ಮೈಕ್ರೋಸಾಫ್ಟ್ ಸರಿಮಾಡಿರದ ನಾಲ್ಕು ವಿಂಡೋಸ್ ದೋಷಗಳಿದ್ದವು. ನಾಲ್ಕರಲ್ಲಿ ಎರಡು ಹಕ್ಕೇರಿಕೆಯವು, ಅಂದರೆ ನಿಮ್ಮ ಸಾಹುಕಾರರು 'ಬಿಡು' ಅಂದ ಜಾತಿಯವೇ. ಅವುಗಳಲ್ಲೊಂದು ಟಾಸ್ಕ್ ಶೆಡ್ಯೂಲರ್‌ನದು. ಇಂತಿಷ್ಟು ಗಂಟೆಗೆ ಈ ಕೆಲಸ ಇಂಥವರ ಹೆಸರಿನಲ್ಲಿ ಆಗಬೇಕು ಅಂತ ವಿಂಡೋಸ್ ಒಂದು ಚೀಟಿ ಬರೆದಿಡುತ್ತದೆ. ಚೀಟಿಯನ್ನು ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದರ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಮೊತ್ತವನ್ನು ತಾಳೆ ನೋಡುತ್ತಿತ್ತು. ಆ ಮೊತ್ತ ಹಾಕುವ ರೀತಿ ತೀರಾ ಸರಳ. ರೈತರ ಪಟ್ಟಿಯಲ್ಲಿ ಒಬ್ಬನು ಚೀಲದ ಸಂಖ್ಯೆ ತಿದ್ದಿ, ಕೆಳಗೆ ಕಾಣದಂತೆ ಒಂದು ಕಳ್ಳ ಸಾಲು ಸೇರಿಸಿ, ಒಟ್ಟು ಮೊತ್ತವನ್ನು ಮೊದಲಿನಷ್ಟೇ ಮಾಡಿಟ್ಟರೆ? ಒಟ್ಟು ಮಾತ್ರ ನೋಡುವ ಗುಮಾಸ್ತರಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ಆದದ್ದು ಅದೇ. ಸಾಮಾನ್ಯ ಬಳಕೆದಾರ ತನ್ನ ಚೀಟಿಯಲ್ಲಿ ತನ್ನ ಹೆಸರು ತೆಗೆದು 'ಸಿಸ್ಟಂ' ಅಂತ ಬರೆದು, ತಾಳೆ ಬರುವಷ್ಟು ಕಸ ತುಂಬಿದರೆ ಸಾಕು. ವಿಂಡೋಸ್ ಆ ಕೆಲಸವನ್ನು ದೊಡ್ಡ ಯಜಮಾನನ ಹೆಸರಿನಲ್ಲಿ ಮಾಡಿಕೊಡುತ್ತಿತ್ತು. ಮೈಕ್ರೋಸಾಫ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಸರಿಮಾಡಿತು. ಇಂಥ ತಿದ್ದುಪಡಿಗಳು ನಿಮ್ಮ ಯಂತ್ರಕ್ಕೆ ತಲುಪುವುದು ಅಪ್‌ಡೇಟ್ ಮೂಲಕ ಮಾತ್ರ.

ಇನ್ನು ವೇಬ್ರಿಡ್ಜ್. ತೂಕದ ಯಂತ್ರದಿಂದ ಕಂಪ್ಯೂಟರಿಗೆ ಬರುವ ಸೀರಿಯಲ್ ಕೇಬಲ್ ಓದಲು ಅಡ್ಮಿನ್ ಹಕ್ಕು ಬೇಕಾಗಿಲ್ಲ. ನಾನು ಬಿಚ್ಚಿ ನೋಡಿದ ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಕಾರಣ ಬೇರೆಯೇ ಇತ್ತು. ತೂಕದ ದಾಖಲೆಯ ಫೈಲನ್ನು ಪ್ರೋಗ್ರಾಂ ಫೈಲ್ಸ್ ಅನ್ನುವ ಫೋಲ್ಡರಿನೊಳಗೇ ಬರೆಯಲು ಹೋಗುತ್ತವೆ, ಅಲ್ಲಿ ಸಾಮಾನ್ಯ ಬಳಕೆದಾರ ಬರೆಯುವಂತಿಲ್ಲ. ಕೊಟ್ಟವರು ಅದನ್ನು ಸರಿಮಾಡುವ ಬದಲು "ಅಡ್ಮಿನ್ ಮಾಡ್ರಿ" ಅಂದುಬಿಡುತ್ತಾರೆ. ನಿಮ್ಮ ರಿಪೇರಿ ಹುಡುಗನಿಗೆ ಹೇಳಿ: ದಾಖಲೆಯ ಫೋಲ್ಡರ್ ಯಾವುದು ಅಂತ ಹುಡುಕಿ, ಅದೊಂದಕ್ಕೆ ಮಾತ್ರ ವೇಬ್ರಿಡ್ಜ್ ಬಳಕೆದಾರನಿಗೆ ಬರೆಯುವ ಹಕ್ಕು ಕೊಡಲಿ, ಅವನನ್ನು ಸ್ಟ್ಯಾಂಡರ್ಡ್ ಯೂಸರ್ ಮಾಡಲಿ. ಅಡ್ಮಿನ್ ಖಾತೆ ಬೇರೆ ಇರಲಿ, ಅದರ ಪಾಸ್‌ವರ್ಡ್ ಸಾಹುಕಾರರ ಹತ್ತಿರ ಇರಲಿ, ಐದು ಯಂತ್ರಕ್ಕೆ ಐದು ಬೇರೆ ಪಾಸ್‌ವರ್ಡ್.

ಅದೇ ಹೊತ್ತಿಗೆ ಇನ್ನೊಂದನ್ನೂ ಅವನು ನೋಡಲಿ. ಸಾಫ್ಟ್‌ವೇರನ್ನು ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ ಹೊಸ ಫೋಲ್ಡರ್ ಮಾಡಿ ಹಾಕಿದ್ದರೆ ಅಲ್ಲಿ ಕತೆ ತಿರುವುಮುರುವು. ಅಲ್ಲಿ ಹುಟ್ಟಿದ ಫೋಲ್ಡರುಗಳಲ್ಲಿ ಲಾಗಿನ್ ಆದ ಯಾರು ಬೇಕಾದರೂ ಫೈಲ್ ಬದಲಿಸಬಹುದು, ವಿಂಡೋಸ್‌ನ ಮೂಲ ಏರ್ಪಾಡೇ ಹಾಗಿದೆ. ಆ ಸಾಫ್ಟ್‌ವೇರಿನ ಯಾವುದಾದರೂ ಭಾಗ 'ಸರ್ವಿಸ್' ಆಗಿ, ಅಂದರೆ ಯಾರೂ ತೆರೆಯದೆ ಹಿನ್ನೆಲೆಯಲ್ಲಿ, ಸಿಸ್ಟಂ ಹೆಸರಿನಲ್ಲಿ ಓಡುತ್ತಿದ್ದರೆ, ಕೆಟ್ಟ ಪ್ರೋಗ್ರಾಂ ಆ ಫೈಲನ್ನು ತೆಗೆದು ಅದೇ ಹೆಸರಿನಲ್ಲಿ ತನ್ನನ್ನು ಇಟ್ಟುಕೊಂಡು ಮಾರನೇ ದಿನ ಯಂತ್ರ ಶುರುವಾಗುವುದನ್ನು ಕಾಯುತ್ತದೆ. ಇಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಏನೂ ಮಾಡಲಾರದು. ಇದು ಸಾಫ್ಟ್‌ವೇರ್ ಹಾಕಿದವರ ತಪ್ಪು. ಫೋಲ್ಡರಿನ ಹಕ್ಕು ಬಿಗಿ ಮಾಡಿಸಿ, ಬರೆಯುವ ದಾಖಲೆ ಒಂದು ಕಡೆ, ಓಡುವ ಪ್ರೋಗ್ರಾಂ ಇನ್ನೊಂದು ಕಡೆ ಇರುವಂತೆ ಮಾಡಿಸಿ.

ಅಪ್‌ಡೇಟ್ ಮಾಡಿದರೆ ತೂಕ ನಿಂತೀತು ಅನ್ನುವ ಹೆದರಿಕೆ ಸುಳ್ಳಲ್ಲ. ಸುಗ್ಗಿಯಲ್ಲಿ ಭತ್ತದ ಲಾರಿಗಳು ರಸ್ತೆಗೆ ಸಾಲು ನಿಂತಾಗ ಯಂತ್ರ ನಿಂತರೆ ಏನಾಗುತ್ತದೆ ಅಂತ ನನಗೂ ಗೊತ್ತು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತಿದ್ದುಪಡಿ ಬಿಡುತ್ತದೆ, ನಮಗೆ ಅದು ಮಂಗಳವಾರ ರಾತ್ರಿ ಮಲಗುವ ಹೊತ್ತು. ಅದರ ನಂತರ ಮೊದಲು ಆಫೀಸಿನ ಒಂದು ಯಂತ್ರಕ್ಕೆ ಹಾಕಿ. ನಾಲ್ಕು ದಿನ ನೋಡಿ ಉಳಿದವಕ್ಕೆ, ಕೊನೆಗೆ ವೇಬ್ರಿಡ್ಜ್‌ಗೆ. ಹಾಕುವ ಮುಂಚೆ ತೂಕದ ದಾಖಲೆಯನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಂಡು, ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಅಮಾವಾಸ್ಯೆಗೆ ಮಿಲ್ಲು ನಿಲ್ಲಿಸಿ ಯಂತ್ರಕ್ಕೆ ಪೂಜೆ ಮಾಡುವ ರೂಢಿ ನಿಮ್ಮಲ್ಲಿದ್ದರೆ ವೇಬ್ರಿಡ್ಜ್ ಅಪ್‌ಡೇಟಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಪ್ರಶ್ನೆ: ನಮಸ್ತೆ ಮೇಡಂ, ನಾನು ಮಾನ್ವಿ ಕಡೆಯವನು, ಬಿಸಿಎ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ತುಂಬಾ ಹಳೆಯ ಉಬುಂಟು ಲಿನಕ್ಸ್ ಇದೆ. ನನ್ನ ಗೆಳೆಯ ಇಂಟರ್ನೆಟ್‌ನಿಂದ ಇಳಿಸಿದ ಚಿಕ್ಕ ಸಿ ಪ್ರೋಗ್ರಾಂ ಓಡಿಸಿ ರೂಟ್, ಅಂದರೆ ಯಂತ್ರದ ದೊಡ್ಡ ಯಜಮಾನ, ಆದ. 'ಡರ್ಟಿ ಕೌ' ಅಂತ ಅದರ ಹೆಸರಂತೆ. ಹೇಗೆ ಕೆಲಸ ಮಾಡುತ್ತದೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ತಿಳಿಯಲಿಲ್ಲ. ಬಿಡಿಸಿ ಹೇಳುತ್ತೀರಾ? ಸರ್‌ಗೆ ಹೇಳೋಣ ಅಂದರೆ ಗೆಳೆಯ ಬೇಡ ಅಂತಾನೆ.

ಉತ್ತರ: ತಮ್ಮಾ, ಮೊದಲು ನಿನ್ನ ಮೊದಲ ಪ್ರಶ್ನೆ. ಅದನ್ನು ಕೇಳಿದ್ದಕ್ಕೆ ನನಗೆ ಖುಷಿಯಾಯಿತು.

ನಿಮ್ಮ ಮನೆಯವರು ಪಹಣಿ ತೆಗೆಸುವುದನ್ನು ನೋಡಿರುತ್ತೀಯ. ಕೈಗೆ ಬರುವುದು ಪ್ರತಿ. ಅದರ ಮೇಲೆ ನೀನು ಪೆನ್ನಿನಲ್ಲಿ ಎರಡು ಎಕರೆಯನ್ನು ಇಪ್ಪತ್ತು ಮಾಡಿಕೊಂಡರೂ ಕಚೇರಿಯ ಮೂಲ ದಾಖಲೆ ಬದಲಾಗುವುದಿಲ್ಲ. ಲಿನಕ್ಸ್ ಕರ್ನಲ್, ಅಂದರೆ ಅದರ ಒಳತಿರುಳು, ಕೂಡ ಹಾಗೇ. ಓದಲು ಮಾತ್ರ ಹಕ್ಕಿರುವ ಫೈಲನ್ನು ಒಂದು ಪ್ರೋಗ್ರಾಂ ತನ್ನ ಮೆಮೊರಿಗೆ ತಂದುಕೊಂಡರೆ, ಓದುವಷ್ಟು ಹೊತ್ತು ಎಲ್ಲರಿಗೂ ಒಂದೇ ಮೂಲ ಪುಟವನ್ನು ತೋರಿಸುತ್ತದೆ. ಬರೆಯಲು ಹೋದ ಕ್ಷಣ ಒಂದು ಪ್ರತಿ ಮಾಡಿ, ಬರೆಯುವುದೇನಿದ್ದರೂ ಇದರ ಮೇಲೆ ಬರಿ ಅಂತ ಕೊಡುತ್ತದೆ. ಇದಕ್ಕೆ ಕಾಪಿ ಆನ್ ರೈಟ್ ಅನ್ನುತ್ತಾರೆ, ಆ ಮೂರು ಪದಗಳ ಇಂಗ್ಲಿಷ್ ಮೊದಲಕ್ಷರಗಳಿಂದಲೇ ಆ 'ಕೌ' ಬಂದದ್ದು.

ದೋಷ ಇದ್ದದ್ದು ಎರಡು ಹೆಜ್ಜೆಗಳ ನಡುವೆ. ಪ್ರತಿ ಮಾಡುವುದು ಒಂದು ಹೆಜ್ಜೆ, ಬರೆಯುವುದು ಇನ್ನೊಂದು. ನಿನ್ನ ಗೆಳೆಯ ಓಡಿಸಿದ ಪ್ರೋಗ್ರಾಂನಲ್ಲಿ ಒಟ್ಟಿಗೇ ಓಡುವ ಎರಡು ಎಳೆಗಳಿರುತ್ತವೆ. ಒಂದು ಎಡೆಬಿಡದೆ ಬರೆಯುತ್ತಲೇ ಇರುತ್ತದೆ. ಇನ್ನೊಂದು ಎಡೆಬಿಡದೆ "ಆ ಪ್ರತಿ ನನಗೆ ಬೇಡ, ಬಿಸಾಡು" ಅನ್ನುತ್ತಲೇ ಇರುತ್ತದೆ. ಸಾವಿರಾರು ಸಲ ಏನೂ ಆಗುವುದಿಲ್ಲ. ಯಾವುದೋ ಒಂದು ಸಲ, ಪ್ರತಿ ಸಿದ್ಧವಾಗಿದೆ ಅಂತ ಕರ್ನಲ್ ಖಾತ್ರಿ ಮಾಡಿಕೊಂಡ ಮೇಲೆ ಮತ್ತು ಪೆನ್ನು ಕಾಗದ ಮುಟ್ಟುವ ಮುಂಚೆ, ಪ್ರತಿ ಬಿಸಾಡಿ ಹೋಗಿರುತ್ತದೆ. ಕೆಳಗೆ ಉಳಿದಿರುವುದು ಮೂಲ ದಾಖಲೆ. ಪೆನ್ನು ಅದರ ಮೇಲೆ ಬೀಳುತ್ತದೆ. ಬಳಕೆದಾರರ ಪಟ್ಟಿ ಇರುವ ಫೈಲಿನ ಮೇಲೆ ಹೀಗೆ ಬರೆಯಲು ಬಂದರೆ, ತನ್ನನ್ನೇ ರೂಟ್ ಅಂತ ಬರೆದುಕೊಳ್ಳಬಹುದಲ್ಲ? ಲಾರಿ ತೂಕ ಆದ ಮೇಲೆ, ಚೀಟಿ ಬರೆಯುವ ಮುಂಚೆ ನಾಲ್ಕು ಚೀಲ ಇಳಿಸಿಬಿಡುವ ಹಳೆಯ ಆಟ ಇದೆಯಲ್ಲ, ಇದು ಅದರ ಕರ್ನಲ್ ರೂಪ. ಪರೀಕ್ಷಿಸುವುದಕ್ಕೂ ಬಳಸುವುದಕ್ಕೂ ನಡುವೆ ಬಿರುಕು ಬಿಟ್ಟರೆ ಅಲ್ಲಿ ಯಾರೋ ಕೈ ಹಾಕುತ್ತಾರೆ.

ಆ ದೋಷ ಈ ರೂಪದಲ್ಲಿ 2007ರಿಂದ ಲಿನಕ್ಸ್‌ನಲ್ಲಿತ್ತು. 2016ರ ಅಕ್ಟೋಬರ್‌ನಲ್ಲಿ ಫಿಲ್ ಓಸ್ಟರ್ ಅನ್ನುವವರು ಅದನ್ನು ಬೆಳಕಿಗೆ ತಂದರು. ತಮ್ಮ ಸರ್ವರ್‌ಗೆ ಬರುವ ವೆಬ್ ಸಂಚಾರವನ್ನೆಲ್ಲ ಅವರು ದಾಖಲಿಸಿ ಇಟ್ಟುಕೊಳ್ಳುತ್ತಿದ್ದರು, ದಾಳಿ ನಡೆದ ಮೇಲೆ ಆ ದಾಖಲೆಯೊಳಗಿಂದಲೇ ದಾಳಿಯ ಪ್ರೋಗ್ರಾಂ ಹೆಕ್ಕಿ ತೆಗೆದರು. ಸರಿಮಾಡುವಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾವೇ ಬರೆದರು, ಹನ್ನೊಂದು ವರ್ಷದ ಹಿಂದೆ ಇದನ್ನು ತಿದ್ದಲು ಹೋಗಿ ಸರಿಯಾಗಿ ತಿದ್ದಿರಲಿಲ್ಲ ಅಂತ. ಅಷ್ಟು ದೊಡ್ಡವರು ಎಲ್ಲರೂ ಓದುವ ಕಡೆ ಹೀಗೆ ಒಪ್ಪಿಕೊಂಡದ್ದು ನನಗೆ ತುಂಬಾ ಹಿಡಿಸಿದೆ. ಪಾಠ ಹೇಳುವಾಗಲೆಲ್ಲ ಇದನ್ನು ಹೇಳುತ್ತೇನೆ.

ಎಲ್ಲ ಹಕ್ಕೇರಿಕೆಯೂ ಹೀಗೆ ಓಟದ ಪಂದ್ಯವಲ್ಲ. ನೀನು ನಿನ್ನ ಪಾಸ್‌ವರ್ಡ್ ಬದಲಿಸುವಾಗ, ರೂಟ್‌ಗೆ ಮಾತ್ರ ಸೇರಿದ ಫೈಲಿನಲ್ಲಿ ನಿನ್ನ ಹೊಸ ಪಾಸ್‌ವರ್ಡ್ ಹೇಗೆ ಬರೆಯಲ್ಪಡುತ್ತದೆ ಅಂತ ಯೋಚಿಸಿದ್ದೀಯಾ? ಆ ಕಮಾಂಡು ಓಡಿಸುವುದು ನೀನು, ಆದರೆ ಓಡುವಷ್ಟು ಹೊತ್ತು ಅದಕ್ಕೆ ರೂಟ್‌ನ ಹಕ್ಕು. ಸೆಟ್ ಯುಐಡಿ ಅನ್ನುವ ಈ ಉಪಾಯ ಯುನಿಕ್ಸ್‌ನ ಕರ್ತೃಗಳಲ್ಲೊಬ್ಬರಾದ ಡೆನಿಸ್ ರಿಚಿ ಅವರದು, 1979ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತ್ತು. ನಿನ್ನ ಪರವಾಗಿ ಸಾಹೇಬರ ಸೀಲು ಹಿಡಿದು ಒಳಗೆ ಹೋಗಿ ಬರುವ ಗುಮಾಸ್ತ ಅನ್ನು. ಗುಮಾಸ್ತನನ್ನು ಮರುಳು ಮಾಡಿದರೆ ಸೀಲು ನಿನ್ನದೇ. ಪಿಕೆಎಕ್ಸೆಕ್ ಅನ್ನುವ ಪ್ರೋಗ್ರಾಂ ಅಂಥ ಒಬ್ಬ ಗುಮಾಸ್ತ, ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಇರುವವನು. ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಒಂದು ಪಟ್ಟಿ ಸಿಗುತ್ತದೆ, ಅದರ ಮೊದಲ ಸಾಲು ಅದರದೇ ಹೆಸರು. ಹೆಸರಂತೂ ಇದ್ದೇ ಇರುತ್ತದೆ ಅಂತ ನಂಬಿ ಅವನು ಎರಡನೇ ಸಾಲಿನಿಂದ ಓದಲು ಶುರುಮಾಡುತ್ತಿದ್ದ. ಪೂರ್ತಿ ಖಾಲಿ ಪಟ್ಟಿ ಕೊಟ್ಟರೆ? ಮೆಮೊರಿಯಲ್ಲಿ ಆ ಪಟ್ಟಿಗೆ ಅಂಟಿಕೊಂಡೇ ಇರುವ ಇನ್ನೊಂದು ಪುಸ್ತಕ, ಅಂದರೆ ಸುತ್ತಲಿನ ಏರ್ಪಾಡನ್ನು ಪ್ರೋಗ್ರಾಂಗೆ ತಿಳಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಪಟ್ಟಿ, ಅದರೊಳಕ್ಕೆ ದಾಟಿ ಹೋಗಿ ಅಲ್ಲಿ ಓದುತ್ತಿದ್ದ, ಅಲ್ಲೇ ಬರೆಯುತ್ತಿದ್ದ. ಅಪಾಯಕಾರಿ ಅಂತ ಬಾಗಿಲಲ್ಲೇ ತೆಗೆದುಹಾಕಿದ್ದ ಸಾಲನ್ನು ಹೀಗೆ ಅವನ ಕೈಯಿಂದಲೇ ಮತ್ತೆ ಒಳಗೆ ಬರೆಸಬಹುದಿತ್ತು. 2009ರ ಮೇ ತಿಂಗಳಿಂದ ಇದ್ದ ಈ ದೋಷವನ್ನು ಕ್ವಾಲಿಸ್ ಅನ್ನುವ ಕಂಪ್ಯೂಟರ್ ಭದ್ರತಾ ಸಂಸ್ಥೆಯವರು 2022ರ ಜನವರಿಯಲ್ಲಿ ಹೊರಗಿಟ್ಟರು. ಹನ್ನೆರಡು ವರ್ಷಕ್ಕೂ ಮೀರಿ ಮೂಲ ಕೋಡ್ ಎಲ್ಲರ ಕಣ್ಣೆದುರಿಗೇ ಇತ್ತು, ತಮ್ಮಾ. ತೆರೆದಿಟ್ಟ ಮಾತ್ರಕ್ಕೆ ಯಾರೂ ಓದಿದ ಹಾಗಾಗುವುದಿಲ್ಲ. ಅದಕ್ಕೇ ನಿನ್ನಂಥವರು ಓದಬೇಕು.

ಓದುವುದು ಹೇಗೆ ಅಂದರೆ ಪ್ರೋಗ್ರಾಮರ್ ಮ್ಯಾಕ್ಸ್ ಕೆಲ್ಲರ್‌ಮನ್ ಅವರ ಹಾಗೆ. 2021ರಲ್ಲಿ ಅವರ ಕಂಪನಿಯ ಗ್ರಾಹಕರೊಬ್ಬರು, ಲಾಗ್ ಫೈಲ್ ಬಿಚ್ಚಲು ಬರುತ್ತಿಲ್ಲ ಅಂತ ದೂರು ಕೊಟ್ಟರು. ಆಗ ಹೇಗೋ ಸರಿಮಾಡಿ ಬಿಟ್ಟರು. ಅದೇ ದೂರು ಮತ್ತೆ ಮತ್ತೆ ಬಂತು. ಕೂತು ನೋಡಿದರೆ ಪ್ರತಿ ಸಲವೂ ಫೈಲಿನ ಕೊನೆಯ ಎಂಟು ಬೈಟ್ ಮಾತ್ರ ಕೆಟ್ಟಿರುತ್ತಿತ್ತು, ಪ್ರತಿ ಸಲವೂ ಅದೇ ಎಂಟು. ಅದರ ಬೆನ್ನು ಹತ್ತಿ ಹೋದರು. ತಪ್ಪು ತಮ್ಮ ಪ್ರೋಗ್ರಾಂನದಲ್ಲ, ಕರ್ನಲ್‌ನದು ಅಂತ ಗೊತ್ತಾಯಿತು. ಓದಲು ಮಾತ್ರ ಹಕ್ಕಿರುವ ಯಾವ ಫೈಲಿಗಾದರೂ ಬರೆಯಬಹುದಾದ ದೋಷ ಅದು, ಲಿನಕ್ಸ್ 5.8ನೇ ಆವೃತ್ತಿಯಿಂದ ಇತ್ತು. ಕರ್ನಲ್ ತಂಡಕ್ಕೆ ಮೊದಲು ತಿಳಿಸಿ, ತಿದ್ದುಪಡಿ ಬಂದ ಮೇಲೆ 2022ರ ಮಾರ್ಚ್ 7ರಂದು ಲೋಕಕ್ಕೆ ಹೇಳಿದರು. ಡರ್ಟಿ ಪೈಪ್ ಅಂತ ಅದನ್ನು ಕರೆಯುತ್ತಾರೆ. ನಿನ್ನ ಗೆಳೆಯ ಯಾರೋ ಬರೆದದ್ದನ್ನು ಓಡಿಸಿದ. ನೀನು ಅದು ಹೇಗೆ ಅಂತ ಕೇಳಿದೆ. ಕೆಲ್ಲರ್‌ಮನ್ ಅವರ ದಾರಿಯಲ್ಲಿ ಇರುವವನು ನೀನು.

ಎರಡನೆಯದು. ಸರ್‌ಗೆ ಹೇಳಲೇಬೇಕು. ಯಜಮಾನರ ಅನುಮತಿ ಇಲ್ಲದೆ ಕಂಪ್ಯೂಟರಿನಲ್ಲಿ ತನಗೆ ಕೊಡದ ಹಕ್ಕು ಪಡೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ, ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದನ್ನೇ 'ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ' ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆದರಿಸಲು ಹೇಳುತ್ತಿಲ್ಲ. ಇವತ್ತು ಅವನು ಏನನ್ನೂ ಮುಟ್ಟಿಲ್ಲ. ನಾಳೆ ಆ ಲ್ಯಾಬಿನಲ್ಲಿ ಬೇರೆ ಯಾರೋ ಅಂಕಪಟ್ಟಿಯೋ ಹುಡುಗಿಯರ ಫೈಲೋ ಮುಟ್ಟಿದರೆ ಮೊದಲು ನೆನಪಾಗುವುದು ಇವನ ಹೆಸರು. ಇಬ್ಬರೂ ಒಟ್ಟಿಗೆ ಹೋಗಿ. ಯಾವ ಯಂತ್ರ, ಯಾವ ದಿನ, ಕರ್ನಲ್ ಆವೃತ್ತಿ ಯಾವುದು, ಏನು ಓಡಿಸಿದ್ದು, ಏನನ್ನೂ ಬದಲಿಸಿಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ತಪ್ಪಾಯಿತು ಅನ್ನಿ, ಲ್ಯಾಬಿನ ಯಂತ್ರಗಳನ್ನು ಹೊಸದು ಮಾಡಲು ನಾವೇ ಕೈ ಜೋಡಿಸುತ್ತೇವೆ ಅನ್ನಿ. ಸರ್ ಬೈದರೆ ಬೈಸಿಕೊಳ್ಳಿ. ಪ್ರಯೋಗ ಮಾಡಬೇಕು ಅನಿಸಿದರೆ ನಿನ್ನದೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನ್, ಅಂದರೆ ಯಂತ್ರದೊಳಗೊಂದು ತೋರಿಕೆಯ ಯಂತ್ರ, ಮಾಡಿ ಹಳೆಯ ಉಬುಂಟು ಹಾಕಿಕೋ. ಅಲ್ಲಿ ಯಜಮಾನ ನೀನೇ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಕೆಲಸ ಮಾಡುತ್ತೇನೆ ಅಕ್ಕಾ. ಮಗ ನನ್ನ ಫೋನನ್ನು 'ರೂಟ್' ಮಾಡಿದ್ದಾನೆ, ಜಾಹೀರಾತು ಬರಲ್ಲ, ಬೇಗ ಓಡುತ್ತೆ ಅಂತ. ಈಗ ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. ಪೀಸಿನ ದುಡ್ಡು ಆ ಫೋನಿಗೇ ಬರುತ್ತೆ. ಬ್ಯಾಂಕಿನವರ ತಪ್ಪಾ?

ಉತ್ತರ: ಬ್ಯಾಂಕಿನವರ ತಪ್ಪಲ್ಲ ತಂಗಿ, ಅವರು ನಿನ್ನ ದುಡ್ಡು ಕಾಯುತ್ತಿದ್ದಾರೆ. ಆಂಡ್ರಾಯ್ಡ್ ಪ್ರತಿ ಆ್ಯಪಿಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ ಕೊಟ್ಟು ಬೇರೆ ಬೇರೆ ಕೋಣೆಯಲ್ಲಿ ಕೂಡಿಸುತ್ತದೆ. ಮಗ ಆಡುವ ಆಟದ ಆ್ಯಪ್ ಬ್ಯಾಂಕಿನ ಕೋಣೆಗೆ ಇಣುಕುವಂತಿಲ್ಲ. ರೂಟ್ ಮಾಡಿದ ಫೋನಿನಲ್ಲಿ, ಒಂದು ಆ್ಯಪಿಗೆ ದೊಡ್ಡ ಯಜಮಾನನ ಹಕ್ಕು ಸಿಕ್ಕರೆ ಎಲ್ಲ ಕೋಣೆಗಳೂ ಅದಕ್ಕೆ ತೆರೆದವೇ. ಫೋನುಗಳನ್ನು ರೂಟ್ ಮಾಡುವ ಸಲಕರಣೆಗಳಲ್ಲಿ ಎಷ್ಟೋ ಕರ್ನಲ್‌ನ ಹಕ್ಕೇರಿಕೆಯ ದೋಷದಿಂದಲೇ ಕೆಲಸ ಮಾಡುತ್ತವೆ. 2014ರ ಟವೆಲ್‌ರೂಟ್ ಹಾಗಿತ್ತು, ಒಂದು ಗುಂಡಿ ಒತ್ತಿದರೆ ಆಯಿತು. ಮಗನಿಗೆ ಒಂದು ಗುಂಡಿಯಲ್ಲಿ ಸಿಗುವುದು ಕಳ್ಳನಿಗೂ ಒಂದೇ ಗುಂಡಿಯಲ್ಲಿ ಸಿಗುತ್ತದೆ.

ಫೋಟೋ, ನಂಬರುಗಳನ್ನು ಬೇರೆ ಕಡೆ ತೆಗೆದಿಟ್ಟುಕೊಂಡು, ಫೋನ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮೂಲ ಸಾಫ್ಟ್‌ವೇರನ್ನೇ ಪೂರ್ತಿ ಹೊಸದಾಗಿ ಹಾಕಿಸು. ಸುಮ್ಮನೆ ರೀಸೆಟ್ ಮಾಡಿದರೆ ರೂಟ್ ಹೋಗದೆಯೂ ಇರಬಹುದು. ಅಷ್ಟರವರೆಗೆ ಯುಪಿಐ ಆ ಫೋನಿನಲ್ಲಿ ಬೇಡ. ಆಮೇಲೆ ಪಿನ್ ಬದಲಿಸು. ಖಾತೆಯಿಂದ ದುಡ್ಡು ಹೋದದ್ದು ಕಂಡರೆ ತಡ ಮಾಡದೆ 1930ಕ್ಕೆ ಫೋನ್ ಮಾಡು. ಮಗನಿಗೆ ಹೊಡೆಯಬೇಡ, ಅವನಿಗೆ ಕಲಿಯುವ ಆಸೆ ಇದೆ. ಹಳೆಯ ಕೆಟ್ಟ ಫೋನ್ ಇದ್ದರೆ ಅದನ್ನು ಅವನಿಗೆ ಕೊಡು.

ಪ್ರಶ್ನೆ: ಕೊಪ್ಪಳದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ವಿಂಡೋಸ್ 10 ಯಂತ್ರದಲ್ಲಿ ಮುಂಚೆ ಪ್ರಿಂಟರ್ ಡ್ರೈವರ್ ಹುಡುಗರೇ ಹಾಕಿಕೊಳ್ಳುತ್ತಿದ್ದರು, ಈಗ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್ ತನ್ನ ಏರ್ಪಾಡುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಬದಲಿಸಿದರೆ ಮೊದಲಿನಂತೆ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲೇ? ಇನ್ನೊಂದು ವಿಂಡೋಸ್ 7 ಯಂತ್ರ ಇದೆ, ಹಳೆಯ 'ನುಡಿ' ತಂತ್ರಾಂಶದ ಫೈಲುಗಳೆಲ್ಲ ಅದರಲ್ಲಿವೆ. ದಿನಕ್ಕೆ ನೂರಾರು ಪೆನ್‌ಡ್ರೈವ್ ಚುಚ್ಚುತ್ತೇವೆ.

ಉತ್ತರ: ಬದಲಿಸಬೇಡಿ. ಆ ಪಾಸ್‌ವರ್ಡ್ ಬಂದದ್ದರ ಹಿಂದೆ ಒಂದು ದೊಡ್ಡ ಪೆಟ್ಟಿದೆ.

ಪ್ರಿಂಟಿಗೆ ಬಂದ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ಅನ್ನುವ ಭಾಗ ವಿಂಡೋಸ್‌ನಲ್ಲಿ ಸಿಸ್ಟಂ ಹೆಸರಿನಲ್ಲಿ ಓಡುತ್ತದೆ. ಡ್ರೈವರ್ ಅಂದರೆ ಒಂದು ಪ್ರೋಗ್ರಾಂ, ಅದನ್ನು ಸ್ಪೂಲರ್ ತನ್ನೊಳಗೆ ಕರೆದುಕೊಳ್ಳುತ್ತದೆ. ಡ್ರೈವರ್ ಹೆಸರಿನಲ್ಲಿ ಕೆಟ್ಟ ಪ್ರೋಗ್ರಾಂ ಕೊಟ್ಟರೆ ಅದಕ್ಕೂ ಸಿಸ್ಟಂ ಹಕ್ಕು. ಯಾರು ಕೊಡಬಹುದು ಅಂತ ನೋಡುವ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ಬರುತ್ತಿತ್ತು. 2021ರ ಜೂನ್ ಕೊನೆಯಲ್ಲಿ ಇದು ಬಯಲಾಯಿತು, ಪ್ರಿಂಟ್‌ನೈಟ್‌ಮೇರ್ ಅಂತ ಹೆಸರು ಬಿತ್ತು. ಮೈಕ್ರೋಸಾಫ್ಟ್ ಎರಡನೇ ಮಂಗಳವಾರಕ್ಕೂ ಕಾಯದೆ ಜುಲೈ 6ರಂದೇ ತಿದ್ದುಪಡಿ ಬಿಟ್ಟಿತು. 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ 7ಕ್ಕೂ ಕೊಟ್ಟಿತು ಅಂದರೆ ಎಷ್ಟು ಗಂಭೀರ ಅಂತ ಊಹಿಸಿ. ಅಷ್ಟಕ್ಕೇ ಮುಗಿಯಲಿಲ್ಲ, ಸ್ಪೂಲರ್‌ನಲ್ಲಿ ಇನ್ನೂ ಬಿರುಕುಗಳು ಸಿಕ್ಕವು. ಕೊನೆಗೆ ಆಗಸ್ಟ್‌ನಲ್ಲಿ, ಡ್ರೈವರ್ ಹಾಕಲು ಅಡ್ಮಿನ್ ಹಕ್ಕು ಬೇಕೇ ಬೇಕು ಅಂತ ನಿಯಮವನ್ನೇ ಬದಲಿಸಿದರು. ವಿಡಿಯೋದವರು ಹೇಳುವ ಆ ಒಂದು ಸಾಲು ಈ ಬಾಗಿಲನ್ನು ಮತ್ತೆ ತೆರೆದಿಡುತ್ತದೆ. ದಿನಕ್ಕೆ ನೂರು ಪೆನ್‌ಡ್ರೈವ್ ಬರುವ ಅಂಗಡಿಯಲ್ಲಿ ಅದನ್ನು ತೆರೆಯಲೇಬಾರದು. ಬೇಕಾದ ಡ್ರೈವರುಗಳನ್ನೆಲ್ಲ ನೀವೇ ಒಂದು ದಿನ ಕೂತು ಹಾಕಿಬಿಡಿ, ಹುಡುಗರಿಗೆ ಮತ್ತೆ ಕೇಳುವ ಪ್ರಸಂಗವೇ ಬರುವುದಿಲ್ಲ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ, ಯಂತ್ರಕ್ಕೆ ವಿಂಡೋಸ್ 11 ತಾಳುವ ಶಕ್ತಿ ಇದೆಯೋ ನೋಡಿಸಿ.

ವಿಂಡೋಸ್ 7 ಯಂತ್ರವನ್ನು ಎಸೆಯಿರಿ ಅನ್ನುವುದಿಲ್ಲ. ಹದಿನೈದು ವರ್ಷದ ಲಗ್ನಪತ್ರಿಕೆ, ಕರಪತ್ರಗಳೆಲ್ಲ ಅದರಲ್ಲಿರುತ್ತವೆ, ಅವುಗಳ ಬೆಲೆ ನನಗೆ ಗೊತ್ತು. ಅದರ ಇಂಟರ್ನೆಟ್ ತಂತಿ ಕಿತ್ತುಹಾಕಿ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಮುಟ್ಟಿಸಬೇಡಿ, ಅಂಗಡಿಯದೇ ಒಂದು ಪೆನ್‌ಡ್ರೈವ್ ಬಣ್ಣದ ದಾರ ಕಟ್ಟಿ ಬೇರೆ ಇಡಿ. ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಸಲಕರಣೆಗಳಿವೆ, ಬಿಡುವಾದಾಗಲೆಲ್ಲ ಹತ್ತು ಹತ್ತು ಬದಲಿಸುತ್ತ ಹೋಗಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೋ ಕಣ್ಣಿಟ್ಟು ನೋಡಿ, ಅಲ್ಲಿ ತಪ್ಪುವುದು ಜಾಸ್ತಿ. ಗವಿಮಠದ ಜಾತ್ರೆಯ ಬ್ಯಾನರ್ ಕೆಲಸ ಶುರುವಾದರೆ ನಿಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಅದಕ್ಕೆ ಮುಂಚೆಯೇ ಶುರುಮಾಡಿ. ಮತ್ತೆ, ಬಿಲ್ ಬರೆಯಲು ಮಾತ್ರ ಇಟ್ಟಿರುವ, ಪ್ರಿಂಟರೇ ಇಲ್ಲದ ಯಂತ್ರ ಯಾವುದಾದರೂ ಇದ್ದರೆ ಅದರಲ್ಲಿ ಸರ್ವಿಸಸ್ ಪಟ್ಟಿ ತೆರೆದು ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿ, 'ಡಿಸೇಬಲ್ಡ್' ಅಂತ ಮಾಡಿಬಿಡಿ. ಎರಡು ನಿಮಿಷದ ಕೆಲಸ.